ಪ್ಲೇಟು, ಕ್ಯಾಸೆಟ್ಟು, ಸಿಡಿ ಕೂಡಿಟ್ಟವರು ಡೌನ್‌ಲೋಡ್‌ಗೆ ಹೋಗಬಹುದಾ?

ಮನೇಲಿ ಮುನ್ನೂರು ಸಿಡಿ ಇದೆ, ಈಗ ಹೊಸ ಆಲ್ಬಂ ಡಿಸ್ಕಲ್ಲಿ ಬರೋದೇ ನಿಂತುಹೋಗಿದೆ, ದುಡ್ಡು ಕೊಟ್ಟು ಫೈಲ್ ಕೊಳ್ಳೋಕೆ ಮನಸ್ಸು ಒಪ್ತಿಲ್ಲ, ಯಾರಾದ್ರೂ ಹೀಗೆ ಬದಲಾಗಿದ್ದೀರಾ ಅಂತ ಕೇಳಿದ್ದೀರಿ. ನಾನು ಆಗಿದೀನಿ, ಆದ್ರೆ ಸುಲಭಕ್ಕೆ ಆಗಲಿಲ್ಲ, ಸುಮಾರು ಹತ್ತು ವರ್ಷ ಹಟ ಹಿಡಿದು ಕೂತಿದ್ದೆ.

ನಂದು ಹೆಚ್ಚಾಗಿ ಹಿಂದೂಸ್ತಾನಿ, ಅದರಲ್ಲೂ ಧಾರವಾಡ ಹುಬ್ಬಳ್ಳಿ ಕಡೆಯವರದ್ದು, ಜೊತೆಗೆ ಭಾವಗೀತೆ. ಅಪ್ಪ ಕೊಂಡಿಟ್ಟ ಎಲ್‌ಪಿ ಪ್ಲೇಟುಗಳು ನೂರರ ಮೇಲಿವೆ, ನಾನು ಸೇರಿಸಿದ ಕ್ಯಾಸೆಟ್ಟು ಐನೂರು ಚಿಲ್ಲರೆ, ಸಿಡಿ ಲೆಕ್ಕ ಇಟ್ಟಿಲ್ಲ. ಬೆಂಗಳೂರಲ್ಲಿದ್ದಾಗ ಭಾನುವಾರ ಬೆಳಗ್ಗೆ ಸಂಡೇ ಬಜಾರಲ್ಲಿ ಮೊಣಕಾಲೂರಿ ಕೂತು ರಾಶಿ ಕೆದಕಿದ್ದೀನಿ, ಮುಂಬೈಗೆ ಹೋದಾಗೆಲ್ಲ ಕಾಲಾ ಘೋಡಾದ ರಿದಮ್ ಹೌಸ್‌ಗೆ ಹೋಗದೇ ವಾಪಸ್ ಬಂದಿದ್ದಿಲ್ಲ. ಅದು 2016ರಲ್ಲಿ ಮುಚ್ಚಿದಾಗ ನನಗೆ ನಿಜಕ್ಕೂ ಸಂಕಟ ಆಯ್ತು. ಆ ಅಂಗಡೀಲಿ ನಿಂತು ಕವರ್ ತಿರುಗಿಸಿ ತಬಲಾ ಯಾರು, ಹಾರ್ಮೋನಿಯಂ ಯಾರು ಅಂತ ಓದಿ ಆರಿಸೋ ಸುಖಾನೇ ಬೇರೆ.

ನಾನು ಬದಲಾಗಿದ್ದು ಒಂದು ಕ್ಯಾಸೆಟ್ಟಿಂದ. ನಮ್ಮೂರು ಸಾಗರದ ಹತ್ರ, ಮಳೆಗಾಲ ಅಂದ್ರೆ ನಾಲ್ಕು ತಿಂಗಳು ಬಟ್ಟೆ ಒಣಗಲ್ಲ, ಕ್ಯಾಸೆಟ್ಟಿನ ಗತಿ ಕೇಳ್ಬೇಡಿ. ಅಮ್ಮನಿಗೆ ತುಂಬಾ ಇಷ್ಟದ್ದು ನಮ್ಮ ಕಡೆ ಗಾಯಕರೊಬ್ಬರ ಕಛೇರಿ ಕ್ಯಾಸೆಟ್ಟು, ಆಷಾಢದಲ್ಲಿ ಒಂದಿನ ತೆಗೆದು ಬೆಳಕಿಗೆ ಹಿಡಿದು ನೋಡ್ತೀನಿ, ಸುತ್ತಿದ ರೀಲಿನ ಅಂಚಲ್ಲಿ ಬೆಳ್ಳಗೆ ಹಿಟ್ಟು ಉದುರಿಸಿದ ಹಾಗೆ ಬೂಷ್ಟು. ಹೆಡ್ಡಿಗೆ ಒತ್ತಿ ಹಿಡಿಯೋ ಪುಟ್ಟ ಸ್ಪಂಜು ಕೂಡ ಅಂಟು ಬಿಟ್ಟು ಉದುರಿಹೋಗಿತ್ತು. ಬೇರೆ ಕ್ಯಾಸೆಟ್ಟಿನ ಸ್ಪಂಜು ಕಿತ್ತು ಹಾಕಿ, ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತಿ, ಹತ್ತಿಯಲ್ಲಿ ಒರೆಸಿ, ಎಲ್ಲಾ ಮಾಡ್ದೆ, ಆದ್ರೂ ಬಿ ಸೈಡಿನ ಮಧ್ಯದಲ್ಲಿ ರೀಲು ಕಡಿದುಹೋಯ್ತು. ಎರಡು ವರ್ಷ ಹುಡುಕಿದೆ, ಸಿಡಿ ಬಂದೇ ಇರಲಿಲ್ಲ, ಹಳೇ ಕ್ಯಾಸೆಟ್ಟು ಸಿಕ್ಕಿದ ಒಂದೆರಡೂ ಇದೇ ಸ್ಥಿತಿ. ಕೊನೆಗೆ ಅದೇ ಕಛೇರಿ ಡೌನ್‌ಲೋಡ್ ರೂಪದಲ್ಲಿ ಮಾರಾಟಕ್ಕಿದೆ ಅಂತ ಸ್ನೇಹಿತರೊಬ್ಬರು ತೋರಿಸಿದ್ರು. ಬೇರೆ ದಾರಿ ಇಲ್ಲದೆ ಕೊಂಡೆ.

ದುಡ್ಡು ಕಟ್ಟಿದ ಮೇಲೆ ಒಂದು ಜಿಪ್ ಫೈಲ್ ಬಂತು, ಅಷ್ಟೇ. ಬಿಚ್ಚೋಕೆ ಕವರಿಲ್ಲ, ಇಡೋಕೆ ಜಾಗ ಬೇಕಿಲ್ಲ, ಏನೋ ಕಳಕೊಂಡ ಹಾಗೆ ಆಯ್ತು. ಆಮೇಲೆ ಅಮ್ಮನ್ನ ಕೂರಿಸಿ ಹಾಕ್ದೆ. ಕ್ಯಾಸೆಟ್ಟಲ್ಲಿ ಎ ಸೈಡು ಮುಗಿಯೋವಾಗ ದೊಡ್ಡ ಖ್ಯಾಲ್, ಅಂದ್ರೆ ರಾಗವನ್ನ ನಿಧಾನಕ್ಕೆ ಬೆಳೆಸೋ ಹಾಡಿಕೆ, ಇನ್ನೂ ನಡೀತಿರೋವಾಗ್ಲೇ ದನಿ ಸಣ್ಣಗೆ ಮಾಡಿ ಕತ್ತರಿಸಿದ್ರು, ಮೂವತ್ತು ವರ್ಷದಿಂದ ನಮಗೆ ಆ ರಾಗ ಅಂದ್ರೆ ಅಲ್ಲಿಗೆ ಮುಗೀತು ಅಂತಲೇ. ಆ ಜಾಗ ಬಂದಾಗ ಅಮ್ಮ ಅಭ್ಯಾಸಬಲದಿಂದ ಏಳೋಕೆ ಹೋದ್ರು, ದನಿ ನಿಲ್ಲಲಿಲ್ಲ, ಮೇಲಿನ ಷಡ್ಜಕ್ಕೆ ಹೋಗಿ ಅಲ್ಲಿ ನಿಂತು ತಾನಗಳು ಶುರುವಾದ್ವು, ಇನ್ನೂ ಹನ್ನೊಂದು ನಿಮಿಷ ಇತ್ತು. ಅಮ್ಮ ಹಾಗೇ ಅರ್ಧ ಎದ್ದೋರು ಕೂತ್ಕೊಂಡು "ಇಷ್ಟೆಲ್ಲಾ ಹಾಡಿದ್ರಾ ಮಾರಾಯ" ಅಂದ್ರು. ನನ್ನ ಹಟ ಅವತ್ತು ಮುರೀತು.

ಯೋಚನೆ ಮಾಡಿ ನೋಡಿ, ನಮ್ಮ ಸಂಗೀತ ಯಾವತ್ತೂ ಈ ಡಬ್ಬಿಗಳ ಅಳತೆಗೆ ಕೂತಿದ್ದಲ್ಲ. ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಪ್ಲೇಟಲ್ಲಿ ಒಂದು ಮುಖಕ್ಕೆ ಮೂರು ಮೂರೂವರೆ ನಿಮಿಷ, ಅಷ್ಟರಲ್ಲೇ ಆಲಾಪ, ಬಂದಿಶ್, ತಾನ ಎಲ್ಲಾ ಹಿಡಿಸಬೇಕಿತ್ತು, ಮಲ್ಲಿಕಾರ್ಜುನ ಮನ್ಸೂರರಂಥೋರು ಅದರಲ್ಲೂ ಪೂರ್ತಿ ರಾಗದ ಮುಖ ತೋರಿಸಿದಾರೆ, ಅದು ಅವರ ದೊಡ್ಡಸ್ತಿಕೆ. ಎಲ್‌ಪಿ ಬಂದ ಮೇಲೆ ಮುಖಕ್ಕೆ ಇಪ್ಪತ್ತು ನಿಮಿಷದ ಆಸುಪಾಸು, ಸಿಡಿಗೆ ಎಪ್ಪತ್ನಾಲ್ಕು. ಫೈಲಿಗೆ ಆ ಕಟ್ಟುಪಾಡಿಲ್ಲ, ಎರಡು ಗಂಟೆ ಹಾಡಿದ್ರೆ ಎರಡು ಗಂಟೆ.

ಇನ್ನು ಕ್ವಾಲಿಟಿ ವಿಷಯ. ನಾನು ಮೊದಲು ಬೈತಿದ್ದಿದ್ದು 128 ಕೆಬಿಪಿಎಸ್ ಎಂಪಿ3, ಅಂದ್ರೆ ತುಂಬಾ ಹಿಂಡಿ ಚಿಕ್ಕದು ಮಾಡಿದ ಫೈಲು ಕೇಳಿ, ಅದರಲ್ಲಿ ತಂಬೂರಿ ತಂತಿಯ ಝೇಂಕಾರ, ಜವಾರಿ ಅಂತಾರಲ್ಲ, ಅದು ನೀರು ಕಲಸಿದ ಹಾಗೆ ಕೇಳುತ್ತೆ, ಬೈದಿದ್ದು ತಪ್ಪಲ್ಲ. ಆದ್ರೆ ಫ್ಲ್ಯಾಕ್ ಅಂತ ಬರುತ್ತಲ್ಲ, ಅದ್ರಲ್ಲಿ ಏನೂ ಬಿಟ್ಟುಹೋಗಲ್ಲ, ಸಿಡಿಯಲ್ಲಿರೋ ದನಿ ಹಾಗ್ಹಾಗೇ ವಾಪಸ್ ಸಿಗುತ್ತೆ, ಜಾಗ ಮಾತ್ರ ಹೆಚ್ಚುಕಮ್ಮಿ ಅರ್ಧ. ಅದಕ್ಕೇ ಕೊಳ್ಳೋವಾಗ ಫ್ಲ್ಯಾಕ್ ಇದ್ಯಾ ನೋಡಿ, ಬ್ಯಾಂಡ್‌ಕ್ಯಾಂಪ್ ಥರದ ಹಾಡು ಮಾರೋ ಜಾಲತಾಣಗಳಲ್ಲಿ ಆರಿಸಿಕೊಳ್ಳೋ ಅವಕಾಶ ಇದೆ, ಕಲಾವಿದರಿಗೂ ನೇರ ದುಡ್ಡು ಹೋಗುತ್ತೆ.

ಸ್ಟ್ರೀಮಿಂಗ್ ಬೇರೆ, ಡೌನ್‌ಲೋಡ್ ಬೇರೆ, ಇದನ್ನ ದಯವಿಟ್ಟು ಒಂದೇ ಮಾಡ್ಬೇಡಿ. ಸ್ಟ್ರೀಮಿಂಗಲ್ಲಿ ಇವತ್ತಿದ್ದ ಆಲ್ಬಂ ನಾಳೆ ಹಕ್ಕು ಬದಲಾಗಿ ಹೋದ್ರೆ ಹೋಯ್ತು. ನೆನಪಿರ್ಬಹುದು, ಫ್ಲಿಪ್‌ಕಾರ್ಟ್‌ನವರು 2012ರಲ್ಲಿ ಫ್ಲೈಟ್ ಅಂತ ಎಂಪಿ3 ಅಂಗಡಿ ತೆಗೆದಿದ್ರು, ಮುಂದಿನ ವರ್ಷ ಜೂನಲ್ಲಿ ಮುಚ್ಚಿದ್ರು, ಆದ್ರೆ ಅವು ಬೀಗ ಇಲ್ಲದ, ಅಂದ್ರೆ ಯಾವ ಯಂತ್ರಕ್ಕೆ ಬೇಕಾದ್ರೂ ಕಾಪಿ ಮಾಡಿ ಕೇಳಬಹುದಾದ ಫೈಲುಗಳು, ಇಳಿಸಿಕೊಂಡು ಜೋಪಾನ ಮಾಡಿದೋರ ಹತ್ರ ಹಾಡು ಇವತ್ತಿಗೂ ಇರುತ್ತೆ. ಅಂಗಡಿ ಹೋದ್ರೂ ಮಾಲು ನಮ್ಮದೇ, ಪ್ಲೇಟಿನ ಹಾಗೇ.

ಕೊರತೆ ಇಲ್ವಾ ಅಂದ್ರೆ ಇದೆ, ದೊಡ್ಡದೇ ಇದೆ. ವಿವರ ಅನ್ನೋದು ಬಹಳ ಕಡೆ ಸೊನ್ನೆ. ನಾನು ಕೊಂಡಿದ್ರಲ್ಲಿ "ಟ್ರ್ಯಾಕ್ 01" ಅಂತ ಬಿಟ್ರೆ ರಾಗದ ಹೆಸರೇ ಇರಲಿಲ್ಲ, ತಬಲಾದವರ ಹೆಸರಂತೂ ದೂರದ ಮಾತು, ಇದು ಕಲಾವಿದರಿಗೆ ಮಾಡೋ ಅನ್ಯಾಯ. ಹಳೇ ಕ್ಯಾಸೆಟ್ಟಿನ ಕಾಗದ ನೋಡಿ ಒಂದೊಂದೇ ಎಂಪಿ3ಟ್ಯಾಗ್ ಅನ್ನೋ ಉಚಿತ ತಂತ್ರಾಂಶದಲ್ಲಿ ತುಂಬಿದೆ, ರಾಗ, ತಾಳ, ಸಾಥಿಗಳು, ವರ್ಷ. ತುಂಬೋವಾಗ ಹುಷಾರು, ಗಂಗೂಬಾಯಿ ಹಾನಗಲ್ ಅವರ ಮೊದಮೊದಲ 78 ಪ್ಲೇಟುಗಳ ಮೇಲೆ ಗಾಂಧಾರಿ ಹುಬ್ಬಳ್ಳಿ ಅಂತ ಇರುತ್ತೆ, ಗೊತ್ತಿಲ್ದೋರು ಬೇರೆ ಗಾಯಕಿ ಅಂದ್ಕೊಂಡು ಬೇರೆ ಫೋಲ್ಡರಿಗೆ ಹಾಕಿಬಿಡ್ತಾರೆ. ಅಷ್ಟು ಹಳೇ ರೆಕಾರ್ಡಿಂಗ್‌ಗಳ ಬಗ್ಗೆ ಇನ್ನೊಂದು ಮಾತು, ನಮ್ಮ ಕಾನೂನಲ್ಲಿ ಧ್ವನಿಮುದ್ರಣದ ಹಕ್ಕು ಹೊರಬಂದ ವರ್ಷ ಕಳೆದ ಮೇಲೆ 60 ವರ್ಷ, ಹಾಗಾಗಿ 1930ರ ದಶಕದ ಪ್ಲೇಟುಗಳ ಆ ಹಕ್ಕು ಮುಗಿದು ಎಷ್ಟೋ ಕಾಲ ಆಯ್ತು, ಕೂಡಿಟ್ಟವರೇ ಇಂಟರ್‌ನೆಟ್ ಆರ್ಕೈವ್ ಅನ್ನೋ ಉಚಿತ ಜಾಲತಾಣದಲ್ಲಿ ಹಾಕಿದ್ದು ಬೇಕಾದಷ್ಟಿದೆ.

ಜೋಪಾನದ ವಿಷಯದಲ್ಲಿ ನನಗೆ ಪೆಟ್ಟು ಬಿದ್ದಿದೆ. ಮೊದಲನೇ ವರ್ಷ ಎಲ್ಲಾ ಒಂದೇ ಹಾರ್ಡ್‌ಡಿಸ್ಕಲ್ಲಿಟ್ಟಿದ್ದೆ, ಒಂದು ಬೆಳಗ್ಗೆ ಟಿಕ್ ಟಿಕ್ ಅಂತ ಶಬ್ದ ಮಾಡಿ ನಿಂತುಹೋಯ್ತು, ನಲವತ್ತು ಆಲ್ಬಂ ಹೋಯ್ತು, ಕೆಲವನ್ನ ಮತ್ತೆ ಇಳಿಸೋಕೆ ಆಯ್ತು ಕೆಲವು ಆಗಲಿಲ್ಲ. ಈಗ ಮೂರು ಕಾಪಿ: ಕಂಪ್ಯೂಟರಲ್ಲಿ ಒಂದು, ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದು ಡಿಸ್ಕು, ಇನ್ನೊಂದು ಶಿವಮೊಗ್ಗದ ಅಕ್ಕನ ಮನೇಲಿ, ಗೌರಿ ಹಬ್ಬಕ್ಕೆ ಮತ್ತೆ ಯುಗಾದಿಗೆ ಹೋದಾಗ ಬದಲಾಯಿಸಿ ಬರ್ತೀನಿ. ಫ್ಲ್ಯಾಕ್ ಫೈಲು ಕೆಟ್ಟಿದ್ಯಾ ಅಂತ ಪರೀಕ್ಷೆ ಮಾಡೋ ವ್ಯವಸ್ಥೆ ಅದರೊಳಗೇ ಇದೆ, ವರ್ಷಕ್ಕೊಂದ್ಸಲ ಓಡಿಸಿ ನೋಡಿ.

ಪ್ಲೇಟು ಸಿಡಿ ಯಾವುದನ್ನೂ ನಾನು ಮಾರಿಲ್ಲ, ಮಾರೋದೂ ಇಲ್ಲ, ಭಾನುವಾರ ಈಗ್ಲೂ ಮುಳ್ಳು ಇಟ್ಟೇ ಕೇಳೋದು. ನೀವು ಮೊದಲು ಡಿಸ್ಕಲ್ಲಿ ಎಲ್ಲೂ ಸಿಗದೇ ಇರೋ ಒಂದನ್ನ ಆರಿಸಿ ಕೊಳ್ಳಿ, ಕೈಲಿರೋ ಸಿಡಿಯದ್ದೇ ಫೈಲು ಮತ್ತೆ ಕೊಳ್ಳೋಕೆ ಹೋಗ್ಬೇಡಿ, ಅವನ್ನ ಮನೇಲೇ ಫ್ಲ್ಯಾಕ್ ಮಾಡ್ಕೋಬಹುದು, ಒಂದು ಸಿಡಿಗೆ ಹತ್ತು ನಿಮಿಷವೂ ಬೇಡ. ಸಿಡಿ ರೈಟರ್ ಇರೋ ಹಳೇ ಲ್ಯಾಪ್‌ಟಾಪ್ ಮನೇಲಿದ್ರೆ ಗುಜರಿಗೆ ಹಾಕ್ಬೇಡಿ.