ಸಂಧಿವಾತ ಇರುವವರ ಕತ್ತಿನ ನೆಟಿಗೆ ತೆಗೆಸಬಹುದಾ?

ಬೇಡ, ದಯವಿಟ್ಟು ತೆಗೆಸಬೇಡಿ. ನಿಮ್ಮ ತಾಯಿಗೆ 12 ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ, ಈಗ ಕತ್ತು ಹಿಡಿದಿದೆ, ಮೂಡಿಗೆರೆ ಕಡೆ ಒಬ್ಬರು ತಲೆ ತಿರುವಿ ನೆಟಿಗೆ ತೆಗೆಯುತ್ತಾರೆ ಅಂತ ಬರೆದಿದ್ದೀರಿ. ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಓದಿ ಸುಮ್ನೆ ಇರಲು ಆಗಲಿಲ್ಲ.

ಕತ್ತಿನ 7 ಮೂಳೆಗಳಲ್ಲಿ ಮೊದಲನೆಯದು ಅಟ್ಲಾಸ್. ಬಳೆಯ ಹಾಗಿದೆ, ತಲೆಬುರುಡೆ ಅದರ ಮೇಲೆ ಕೂತಿದೆ. ಎರಡನೆಯದು ಆಕ್ಸಿಸ್. ಅದರಿಂದ ಒಂದು ಗೂಟ ಎದ್ದು ಬಳೆಯೊಳಗೆ ನಿಂತಿದೆ. ಬೀಸುವ ಕಲ್ಲು ನೋಡಿದ್ದೀರಲ್ವಾ? ಕೆಳಕಲ್ಲಿನ ಗೂಟದ ಸುತ್ತ ಮೇಲುಕಲ್ಲು ತಿರುಗುತ್ತದಲ್ಲ, ಹಾಗೆಯೇ. ಕತ್ತು ತಿರುಗುವುದರಲ್ಲಿ ಸುಮಾರು ಅರ್ಧ ಈ ಒಂದೇ ಜಾಗದ್ದು.

ಆದರೆ ಬೀಸುವ ಕಲ್ಲಿನ ತೂತು ಗೂಟಕ್ಕೆ ಸರಿಯಾಗಿರುತ್ತದೆ. ಇಲ್ಲಿ ಬಳೆ ದೊಡ್ಡದು. ಗೂಟ ಅದರ ಮುಂಭಾಗಕ್ಕೆ ಆತುಕೊಂಡಿದೆ. ಅದು ಹಿಂದಕ್ಕೆ ಜಾರದಂತೆ ಒಂದು ಗಟ್ಟಿ ಪಟ್ಟಿ ಅಡ್ಡ ನಿಂತಿದೆ. ಅದೇ ಟ್ರಾನ್ಸ್‌ವರ್ಸ್ ಲಿಗಮೆಂಟ್. ಪಟ್ಟಿಯ ಹಿಂದೆಯೇ ಬೆನ್ನುಹುರಿ. ಗೂಟದ ಎರಡೂ ಪಕ್ಕದಿಂದ ತಲೆಬುರುಡೆಗೆ ಏಲಾರ್ ಲಿಗಮೆಂಟುಗಳಿವೆ. ತಲೆ ಜಾಸ್ತಿ ತಿರುಗದಂತೆ ಅವು ತಡೆಯುತ್ತವೆ.

ರುಮಟಾಯ್ಡ್ ಊತ ಬೆರಳಿನ ಗಂಟುಗಳನ್ನು ಹಾಳು ಮಾಡುವ ಹಾಗೆ ಈ ಪಟ್ಟಿಯನ್ನೂ ಸಡಿಲ ಮಾಡಬಹುದು. ದೊಡ್ಡವರಲ್ಲಿ ಗೂಟಕ್ಕೂ ಬಳೆಯ ಮುಂಭಾಗಕ್ಕೂ ನಡುವಿನ ಸಂದು ಸಾಮಾನ್ಯವಾಗಿ 3 ಮಿ.ಮೀ. ದಾಟುವುದಿಲ್ಲ. ಪಟ್ಟಿ ಸಡಿಲವಾಗಿ ಸಂದು ಅದನ್ನು ದಾಟಿರುವ ಕತ್ತನ್ನು ಜೋರಾಗಿ ತಿರುವಿದರೆ ಬೆನ್ನುಹುರಿಗೇ ಪೆಟ್ಟು ಬೀಳಬಹುದು.

ನನ್ನ ದೊಡ್ಡಮ್ಮನಿಗೂ ಇದೇ ಕಾಯಿಲೆ. ಒಂದು ವರ್ಷ ಕಾಫಿ ಕುಯ್ಲಿನಲ್ಲಿ ಹಣ್ಣು ಕೈಯಿಂದ ಜಾರತೊಡಗಿತು. ರವಿಕೆ ಗುಂಡಿ ಹಾಕಲು ಆಗುತ್ತಿರಲಿಲ್ಲ. ಬೆರಳು ಸೊಟ್ಟಗಾಗಿದೆಯಲ್ಲ, ಅದಕ್ಕೇ ಅಂದುಕೊಂಡೆವು. ನಾನೂ ಹಾಗೇ ಅಂದುಕೊಂಡೆ, ಅದು ಈಗಲೂ ನೋಯಿಸುತ್ತದೆ. ತೊಂದರೆ ಇದ್ದದ್ದು ಕತ್ತಿನಲ್ಲಿ. ಆಪರೇಷನ್ ಮಾಡಿ ಎರಡೂ ಮೂಳೆಗಳನ್ನು ಸ್ಕ್ರೂ ಹಾಕಿ ಸೇರಿಸಿದರು. ಈಗ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಕರೆದರೆ ಭುಜ ಸಮೇತ ತಿರುಗುತ್ತಾರೆ.

ಮೊದಲು ಡಾಕ್ಟರಿಗೆ ಸಂಧಿವಾತದ ವಿಷಯ ಹೇಳಿ, ಕತ್ತು ಬಗ್ಗಿಸಿ ಮತ್ತು ಎತ್ತಿ ತೆಗೆಯುವ ಎಕ್ಸ್‌ರೇ ಬೇಕಾ ಅಂತ ಕೇಳಿ. ನೇರ ಕೂತು ತೆಗೆದದ್ದರಲ್ಲಿ ಸಡಿಲ ಕಾಣದೇ ಹೋಗಬಹುದು. ತಾಯಿಗೆ ಕೈ ಜೋಮು ಹಿಡಿಯುತ್ತಿದೆಯಾ, ನಡೆಯುವಾಗ ತೂರಾಡುತ್ತಾರಾ, ಕತ್ತು ಬಗ್ಗಿಸಿದರೆ ಬೆನ್ನಲ್ಲಿ ಶಾಕ್ ಹೊಡೆದಂತೆ ಆಗುತ್ತದಾ? ಇವುಗಳಲ್ಲಿ ಒಂದಿದ್ದರೂ ನಾಳೆಗೆ ಬಿಡಬೇಡಿ, ಇವತ್ತೇ ಆಸ್ಪತ್ರೆಗೆ ಹೊರಡಿ.