ಬೆಕ್ಕಿನ ಮಡಿಲಲ್ಲಿ ಇಲಿ

ನಿವೃತ್ತ ಮೇಷ್ಟ್ರೊಬ್ಬರ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಾರ ಇಷ್ಟು. ಮೊಮ್ಮಗಳ ಜೊತೆ ಕೂತು ಒಂದು ಅನಿಮೇಷನ್ ಸಿನಿಮಾ ನೋಡಿದ್ದಾರೆ. ಎರಡು ಕುಲ, ತಲೆತಲಾಂತರದ ಹಗೆ. ಒಂದು ಕಡೆಯ ಹುಡುಗಿ, ಇನ್ನೊಂದು ಕಡೆಯ ಹುಡುಗ. ಎರಡೂ ನಾಡನ್ನು ನುಂಗಲು ಒಂದು ಕತ್ತಲೆ ಬರುತ್ತದೆ. ಬೇರೆ ದಾರಿಯಿಲ್ಲದೆ ಇಬ್ಬರೂ ಜೊತೆಯಾಗಿ ಹೊರಡುತ್ತಾರೆ. ಅರ್ಧಕ್ಕೆ ಮೊಮ್ಮಗಳು ಕೇಳಿದಳಂತೆ: “ತಾತಾ, ಅವನು ಕೆಟ್ಟವನಲ್ವಾ? ಮತ್ತೆ ಇವಳ್ಯಾಕೆ ಅವನ ಜೊತೆ ಹೋಗ್ತಿದ್ದಾಳೆ?” ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಅಂಚೆಯಲ್ಲಿ ನನಗೆ ಬಂತು. “ನಮ್ಮ ಹಳೆಯ ಕತೆಗಳಲ್ಲಿ ಒಳ್ಳೆಯವನು ಒಳ್ಳೆಯವನೇ, ಕೆಟ್ಟವನು ಕೆಟ್ಟವನೇ. ಶತ್ರುವಿನ ಜೊತೆ ಕೈಜೋಡಿಸುವುದು ಈಗಿನ ಕಾಲದ ಹುಚ್ಚು. ಗೊಂಬೆ ಸಿನಿಮಾ ಅಂದರೆ ಬರೀ ಗದ್ದಲ. ಇಂಥದ್ದಕ್ಕೆ ನಿಮ್ಮ ಪತ್ರಿಕೆಯಲ್ಲಿ ಎರಡು ಪುಟ ಯಾಕೆ?”

ಮೇಷ್ಟ್ರೇ, ಕೆಣಕಬಾರದ ಕಡೆ ಕೆಣಕಿದ್ದೀರಿ. ಚಿಕ್ಕ ಉತ್ತರ ಬರೆಯೋಣ ಅಂತಲೇ ಕೂತೆ. ಆಗಲಿಲ್ಲ.

ಮೊದಲು ನಿಮ್ಮ ಪಾಲಿನದು ನಿಮಗೆ ಕೊಟ್ಟುಬಿಡುತ್ತೇನೆ. ಜೊತೆಗೆ ಬರುತ್ತೇನೆ ಎಂದ ಶತ್ರುವನ್ನೆಲ್ಲ ನಂಬಬಾರದು, ನಿಜ. ಪಂಚತಂತ್ರದ ಕಾಗೆ-ಗೂಬೆಗಳ ಕತೆ ನೀವೇ ಎಷ್ಟು ಸಲ ಪಾಠ ಮಾಡಿದ್ದೀರೋ. ಸ್ಥಿರಜೀವಿ ಎಂಬ ಮುದಿ ಕಾಗೆ ತನ್ನವರೇ ಕುಕ್ಕಿ ಓಡಿಸಿದರು ಎಂದು ನಟಿಸಿ ಗೂಬೆಗಳ ಕೋಟೆ ಸೇರುತ್ತದೆ. ರಕ್ತಾಕ್ಷ ಎಂಬ ಮಂತ್ರಿಯೊಬ್ಬನೇ ‘ಇವನನ್ನು ನಂಬಬೇಡಿ’ ಅನ್ನುತ್ತಾನೆ. ಯಾರೂ ಕೇಳುವುದಿಲ್ಲ. ಕಾಗೆ ಗೂಡು ಕಟ್ಟುವ ನೆಪದಲ್ಲಿ ಕಡ್ಡಿ ತಂದು ತಂದು ಗುಹೆಯ ಬಾಗಿಲಲ್ಲಿ ಒಟ್ಟುತ್ತದೆ. ಆಮೇಲೆ ಬೆಂಕಿ. ನಿಮ್ಮ ಮೊಮ್ಮಗಳೂ ಮುಂದೊಂದು ದಿನ ರಕ್ತಾಕ್ಷನ ಹಾಗೆ ಅನುಮಾನ ಪಡಬೇಕಾದೀತು. ಒಪ್ಪಿದೆ. ಇಷ್ಟೇ, ಇನ್ನು ಒಪ್ಪುವುದಿಲ್ಲ.

ಹಳೆಯ ಕತೆಗಳಲ್ಲಿ ಎಲ್ಲ ಸರಳವಾಗಿತ್ತು ಎಂದು ನಿಮಗೆ ಹೇಳಿದವರು ಯಾರು? ಸಮುದ್ರ ಕಡೆದದ್ದು ಯಾರು? ದೇವತೆಗಳೊಬ್ಬರೇ ಅಲ್ಲ. ಭಾಗವತದಲ್ಲಿ ವಿಷ್ಣುವೇ ಬಾಯಿಬಿಟ್ಟು ಹೇಳುತ್ತಾನೆ: ದೊಡ್ಡ ಕೆಲಸ ಆಗಬೇಕಾದರೆ ಶತ್ರುಗಳ ಜೊತೆಗೂ ಸಂಧಿ ಮಾಡಿಕೊಳ್ಳಿ, ಹಾವೂ ಇಲಿಯೂ ಮಾಡಿಕೊಂಡ ಹಾಗೆ. ಉಪಮೆ ನೋಡಿ. ಅಣ್ಣ-ತಮ್ಮಂದಿರ ಹಾಗೆ ಅನ್ನಲಿಲ್ಲ. ಹಾವು, ಇಲಿ! ಅಸುರರು ಹಟ ಹಿಡಿದು ವಾಸುಕಿಯ ತಲೆಯ ಕಡೆ ನಿಂತರು. ಬಾಲ ಹಿಡಿಯುವುದು ಅವಮಾನ ಅಂತ. ಹಾವಿನ ಬಿಸಿಯುಸಿರೆಲ್ಲ ಅವರ ಮುಖಕ್ಕೇ ಹೊಡೆಯಿತು. ಅಮೃತ ಬಂದ ಮೇಲೆ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಮೋಹಿನಿ ಬಂದಳು, ಹಂಚಿಕೆ ಒಂದೇ ಸಾಲಿಗೆ ಆಯಿತು. ಮೊಮ್ಮಗಳಿಗೆ ಈ ಕತೆ ಹೇಳಿ, ಇದರಲ್ಲಿ ಒಳ್ಳೆಯವರು ಯಾರು ಅಂತ ಕೇಳಿ ನೋಡಿ. ಅವಳು ಕೊಡುವ ಉತ್ತರಕ್ಕೆ ನೀವು ಸಿದ್ಧರಿರಬೇಕು, ಅಷ್ಟೇ.

ನನ್ನ ಮೆಚ್ಚಿನದು ಅದಲ್ಲ, ಇನ್ನೊಂದು. ಶಾಂತಿಪರ್ವದಲ್ಲಿ ಭೀಷ್ಮ ಯುಧಿಷ್ಠಿರನಿಗೆ ಹೇಳುವ ಕತೆ. ಒಂದು ದೊಡ್ಡ ಆಲದ ಮರ. ಬುಡದಲ್ಲಿ ಪಲಿತ ಎಂಬ ಇಲಿ, ಕೊಂಬೆಯಲ್ಲಿ ಲೋಮಶ ಎಂಬ ಬೆಕ್ಕು. ಒಂದು ರಾತ್ರಿ ಬೆಕ್ಕು ಬೇಟೆಗಾರನ ಬಲೆಗೆ ಬೀಳುತ್ತದೆ. ಇಲಿಗೆ ಹಬ್ಬ. ಬಲೆಯ ಮೇಲೇ ಹತ್ತಿ ಕೂತು, ಬೇಟೆಗಾರ ಇಟ್ಟ ಮಾಂಸ ತಿನ್ನುತ್ತದೆ. ತಿನ್ನುತ್ತ ತಿನ್ನುತ್ತ ತಲೆ ಎತ್ತಿದರೆ ನೆಲದ ಮೇಲೆ ಒಂದು ಮುಂಗುಸಿ ಹೊಂಚು ಹಾಕಿ ನಿಂತಿದೆ. ಮೇಲೆ ಕೊಂಬೆಯಲ್ಲಿ ಗೂಬೆ. ಇಳಿದರೆ ಮುಂಗುಸಿ, ಹತ್ತಿದರೆ ಗೂಬೆ, ಪಕ್ಕದಲ್ಲಿ ಬೆಕ್ಕು. ಈ ಮೂರರಲ್ಲಿ ಕಟ್ಟಿಹಾಕಿದ ಶತ್ರು ಒಂದೇ. ಇಲಿ ಲೆಕ್ಕ ಹಾಕುತ್ತದೆ. ‘ನಿನ್ನ ಬಲೆ ಕಡಿಯುತ್ತೇನೆ, ನನಗೆ ಮರೆ ಕೊಡು’ ಎಂದು ಬೆಕ್ಕಿನ ಜೊತೆ ಮಾತು ಮಾಡಿಕೊಂಡು ಅದರ ಎದೆಗೆ ಒರಗಿ ಕೂರುತ್ತದೆ. ಮುಂಗುಸಿ, ಗೂಬೆ ಎರಡೂ ಆಸೆ ಬಿಟ್ಟು ಹೋಗುತ್ತವೆ.

ಕತೆ ಇಲ್ಲಿಗೆ ಮುಗಿಯುವುದಿಲ್ಲ, ಇಲ್ಲಿಂದ ಶುರು. ಇಲಿ ಬಲೆ ಕಡಿಯುತ್ತದೆ, ಆದರೆ ನಿಧಾನವಾಗಿ. ಬೇಗ ಮಾಡು ಎಂದು ಬೆಕ್ಕು ಅವಸರಿಸುತ್ತದೆ. ಇಲಿ ಒಪ್ಪುವುದಿಲ್ಲ. ಈಗಲೇ ಬಿಡಿಸಿದರೆ ನೀನು ನನ್ನನ್ನೇ ತಿಂತೀಯ, ಬೇಟೆಗಾರ ಕಣ್ಣಿಗೆ ಬೀಳಲಿ ಅನ್ನುತ್ತದೆ. ಬೆಳಗಾಗುತ್ತದೆ. ಬೇಟೆಗಾರ ನಾಯಿಗಳ ಜೊತೆ ಬರುತ್ತಾನೆ. ಆಗ ಕೊನೆಯ ಎಳೆ ಕಡಿಯುತ್ತದೆ. ಬೆಕ್ಕು ಮರಕ್ಕೆ, ಇಲಿ ಬಿಲಕ್ಕೆ. ಆಮೇಲೆ ಬೆಕ್ಕು ಮರದ ಮೇಲಿಂದ ಜೇನಿನಂಥ ಮಾತಾಡುತ್ತದೆ: ಬಾ ಗೆಳೆಯಾ, ನನ್ನ ಜೀವ ಉಳಿಸಿದೆ, ನನ್ನ ಬಳಗವೆಲ್ಲ ನಿನ್ನನ್ನು ಪೂಜಿಸುತ್ತದೆ. ಇಲಿ ಬಿಲದಿಂದ ಹೊರಗೆ ಬರುವುದೇ ಇಲ್ಲ. ನಮ್ಮಿಬ್ಬರನ್ನು ಸೇರಿಸಿದ್ದು ಒಂದು ಕಾರಣ, ಆ ಕಾರಣ ಮುಗಿಯಿತು, ನಿನಗೆ ಈಗ ಹಸಿವಾಗಿದೆ ಎಂದು ಒಳಗಿಂದಲೇ ಉತ್ತರ ಕೊಡುತ್ತದೆ.

ಮೇಷ್ಟ್ರೇ, ಇಲ್ಲಿ ಬೆಕ್ಕು ಕೆಟ್ಟದ್ದಾ? ಬೆಕ್ಕು ಬೆಕ್ಕು. ಇಲಿ ಅದನ್ನು ಒಂದು ಗಳಿಗೆಯೂ ಮರೆಯಲಿಲ್ಲ, ಹಾಗಂತ ಅದರ ಮಡಿಲಲ್ಲಿ ಕೂರುವುದನ್ನೂ ಬಿಡಲಿಲ್ಲ. ಮೊಮ್ಮಗಳ ಪ್ರಶ್ನೆಗೆ ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: ಹೌದು ಪುಟ್ಟಾ, ಅವನು ಕೆಟ್ಟವನೇ ಇರಬಹುದು. ಇವಳಿಗೂ ಗೊತ್ತು. ಅದಕ್ಕೇ ನೋಡು, ಅವನನ್ನು ಮುಂದೆ ನಡೆಯಲು ಬಿಟ್ಟು ಇವಳು ಹಿಂದೆ ಬರುತ್ತಿದ್ದಾಳೆ.

ಜೊತೆಗೆ ಕೆಲಸ ಮಾಡುವುದು ಬೇರೆ, ಸ್ನೇಹ ಬೇರೆ. ಈ ಬಗೆಯ ಕತೆಯ ರುಚಿ ಎಲ್ಲ ಅವೆರಡರ ನಡುವಿನ ಜಾಗದಲ್ಲಿದೆ. ಒಂದೇ ಬೆಂಕಿಯ ಆಚೆ ಒಬ್ಬರು, ಈಚೆ ಒಬ್ಬರು. ನಿದ್ದೆ ಬಂದರೂ ಇಬ್ಬರೂ ಕಣ್ಣು ಮುಚ್ಚುವುದಿಲ್ಲ. ನಾನು ಹಣ ಕೊಟ್ಟು ನೋಡುವುದು ಆ ಭಾಗಕ್ಕೆ. ಈಗಿನ ಎಷ್ಟೋ ಸಿನಿಮಾಗಳ ಮೇಲೆ ನನಗೂ ಸಿಟ್ಟಿದೆ, ಆದರೆ ನಿಮ್ಮ ಸಿಟ್ಟಿಗೆ ಉಲ್ಟಾ. ಶತ್ರುಗಳು ಸೇರಿದರು ಅಂತ ಅಲ್ಲ, ಸುಮ್ನೆ ಬೇಗ ಸೇರಿಬಿಟ್ಟರು ಅಂತ. ಒಂದು ಹಾಡು, ಒಂದು ಕಾಲು ಜಾರುವ ದೃಶ್ಯ, ಒಬ್ಬರು ಇನ್ನೊಬ್ಬರ ಕೈ ಹಿಡಿದು ಎಳೆಯುವುದು. ಮುಗೀತು, ನೂರು ವರ್ಷದ ಹಗೆ ಕರಗಿತು. ಕೊನೆಯ ಹತ್ತು ನಿಮಿಷದಲ್ಲಿ ಆ ಕತ್ತಲೆಯ ರಾಜನಿಗೂ ಬಾಲ್ಯದಲ್ಲಿ ಯಾರೂ ಪ್ರೀತಿ ತೋರಿಸಲಿಲ್ಲ ಎಂದು ಗೊತ್ತಾಗುತ್ತದೆ. ಎಲ್ಲರೂ ತಬ್ಬಿಕೊಳ್ಳುತ್ತಾರೆ. ಪಲಿತ ಇದನ್ನು ನೋಡಿದರೆ ಬಿಲದಲ್ಲೇ ಹೊರಳಾಡಿ ನಗುತ್ತಿತ್ತು.

ಇನ್ನು ನಿಮ್ಮ ‘ಬರೀ ಗದ್ದಲ’. ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ ಎಂಬ ಸಿನಿಮಾ 2010ರಲ್ಲಿ ಬಂತು. ಹುಡುಗನ ಕುಲಕ್ಕೂ ಡ್ರ್ಯಾಗನ್‌ಗಳಿಗೂ ಬದ್ಧ ವೈರ. ಹುಡುಗ ತಾನೇ ಹೊಡೆದು ಕೆಡವಿದ ಡ್ರ್ಯಾಗನ್ ಹಾರಲಾಗದೆ ಒಂದು ಕಣಿವೆಯಲ್ಲಿ ಸಿಕ್ಕಿಕೊಂಡಿದೆ. ಇವನು ಮೀನು ತರುತ್ತಾನೆ. ಅದು ಅರ್ಧ ಮೀನು ಕಕ್ಕಿ ‘ನೀನೂ ತಿನ್ನು’ ಎಂಬಂತೆ ನೋಡುತ್ತದೆ. ಆಮೇಲೆ ಒಂದು ಮರವನ್ನೇ ಬಾಯಲ್ಲಿ ಹಿಡಿದು ನೆಲದ ಮೇಲೆ ಗೆರೆ ಎಳೆಯುತ್ತದೆ. ಹುಡುಗ ಗೆರೆ ತುಳಿದರೆ ಗುರ್ ಅನ್ನುತ್ತದೆ, ಕಾಲು ಎತ್ತಿದರೆ ಸುಮ್ಮನಾಗುತ್ತದೆ. ಗೆರೆ ತಪ್ಪಿಸಿ ತಪ್ಪಿಸಿ ಹೆಜ್ಜೆ ಹಾಕುತ್ತ ಅವನು ಗೊತ್ತಿಲ್ಲದೆ ಅದರ ಮುಂದೆಯೇ ಬಂದು ನಿಂತಿರುತ್ತಾನೆ. ಕೈ ಚಾಚುತ್ತಾನೆ, ಮುಖ ಮಾತ್ರ ಆ ಕಡೆ ತಿರುಗಿಸುತ್ತಾನೆ. ಅದು ಅಳೆದು ಸುರಿದು ಮೂತಿ ತಾಗಿಸುತ್ತದೆ. ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎಲ್ಲಿ ಗದ್ದಲ?

ಅದೇ ಸಿನಿಮಾದಲ್ಲಿ ನನಗೆ ಇಷ್ಟವಾದ ಇನ್ನೊಂದು ವಿಷಯ ಲೆಕ್ಕ. ಹುಡುಗನಿಂದಾಗಿ ಡ್ರ್ಯಾಗನ್ನಿನ ಬಾಲದ ಒಂದು ರೆಕ್ಕೆ ಹೋಗಿದೆ. ಅವನು ಕೃತಕ ರೆಕ್ಕೆ ಕಟ್ಟಿ ಕಾಲಲ್ಲಿ ತುಳಿದು ತಿರುಗಿಸಿದರೆ ಮಾತ್ರ ಅದು ಹಾರಬಲ್ಲದು. ಕೊನೆಯ ಯುದ್ಧದಲ್ಲಿ ಹುಡುಗನ ಒಂದು ಕಾಲೂ ಹೋಗುತ್ತದೆ. ಮಕ್ಕಳ ಸಿನಿಮಾ! ಎಚ್ಚರವಾದಾಗ ಎಡಗಾಲಿನ ಜಾಗದಲ್ಲಿ ಕೃತಕ ಕಾಲು. ಹಗೆ ಬಿಟ್ಟದ್ದಕ್ಕೆ ಬೆಲೆ ಇದೆ, ಆ ಬೆಲೆಯನ್ನು ಮೈಮೇಲೆ ಬರೆದು ತೋರಿಸಿದ್ದಾರೆ. ಇದು ಮಕ್ಕಳ ತಲೆ ಕೆಡಿಸುವುದಾ?

ಜಪಾನಿನ ನಿರ್ದೇಶಕ ಮಿಯಾಝಾಕಿಯವರ ಅನಿಮೇಷನ್ ಸಿನಿಮಾ ‘ಪ್ರಿನ್ಸೆಸ್ ಮೊನೊನೊಕೆ’ (1997) ಇನ್ನೂ ಖಡಕ್ಕು. ತೋಳಗಳು ಸಾಕಿದ ಹುಡುಗಿ ಸಾನ್ ಕಾಡಿನ ಪರ. ಕಬ್ಬಿಣದ ಊರಿನ ಒಡತಿ ಎಬೊಶಿ ಕಾಡು ಕಡಿಯುವವಳು. ಹಾಗಾದರೆ ಎಬೊಶಿ ಕೆಟ್ಟವಳು ಅಂತ ಗೆರೆ ಎಳೆಯಲು ಹೋದರೆ, ಅವಳು ಕುಷ್ಠರೋಗಿಗಳಿಗೆ, ವೇಶ್ಯಾಗೃಹದಿಂದ ಬಿಡಿಸಿ ತಂದ ಹೆಂಗಸರಿಗೆ ಕೆಲಸ ಕೊಟ್ಟು ನೆಲೆ ಕೊಟ್ಟವಳು. ನಡುವೆ ಅಶಿತಾಕ ಎಂಬ ಹುಡುಗ. ಎಲ್ಲ ನಾಶವಾಗುವ ಹೊತ್ತಿಗೆ ಸಾನ್ ಮತ್ತು ಅಶಿತಾಕ ಸೇರಿ, ಎಬೊಶಿ ಉರುಳಿಸಿದ ಕಾಡಿನ ದೇವರ ತಲೆಯನ್ನು ದೇವರಿಗೇ ಹಿಂದಿರುಗಿಸುತ್ತಾರೆ. ಎಬೊಶಿ ಒಂದು ತೋಳು ಕಳೆದುಕೊಂಡಿದ್ದಾಳೆ. ಇಷ್ಟಾದ ಮೇಲೂ ಸಾನ್ ಮನುಷ್ಯರನ್ನು ಕ್ಷಮಿಸಲಾರೆ ಅನ್ನುತ್ತಾಳೆ, ಅಶಿತಾಕನ ಮೇಲೆ ಪ್ರೀತಿ ಇದ್ದರೂ. ಅವಳು ಕಾಡಿಗೆ, ಅವನು ಊರಿಗೆ. ಪಲಿತನ ಬಿಲ ನೆನಪಾಗಲಿಲ್ಲವಾ ನಿಮಗೆ?

‘ಈಗಿನ ಕಾಲದ ಹುಚ್ಚು’ ಅಂದಿರಲ್ಲ, ಅದಕ್ಕೂ ಒಂದು ಮಾತು. ಇಂದಿಗೂ ಉಳಿದಿರುವ ಪೂರ್ಣ ಉದ್ದದ ಅನಿಮೇಷನ್ ಸಿನಿಮಾಗಳಲ್ಲಿ ಅತ್ಯಂತ ಹಳೆಯದು 1926ರದು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ಕಪ್ಪು ಕಾಗದವನ್ನು ಕತ್ತರಿಯಲ್ಲಿ ಕತ್ತರಿಸಿ, ಬೊಂಬೆಗಳನ್ನು ಚೂರುಚೂರೇ ಸರಿಸುತ್ತ ಮೂರು ವರ್ಷ ಕೂತು ಮಾಡಿದ ರಾಜಕುಮಾರ ಅಹ್ಮದನ ಸಾಹಸ. ಅದರಲ್ಲಿ ನಾಯಕನ ನೆರವಿಗೆ ಬರುವುದು ಯಾರು ಗೊತ್ತಾ? ನೋಡಿದರೆ ಹೆದರಿಕೆಯಾಗುವ ಒಬ್ಬ ಮಾಟಗಾತಿ. ಮಾಂತ್ರಿಕ ಅವಳಿಗೂ ಶತ್ರು, ಇವನಿಗೂ ಶತ್ರು.

ಸ್ವಂತ ಅನುಭವವೊಂದು ಹೇಳಿಬಿಡುತ್ತೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಕರಡು ತಿದ್ದುವವರಿಗೂ ಪುಟ ಕಟ್ಟುವವರಿಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಕಾರಣ ಇಬ್ಬರಿಗೂ ಮರೆತಿತ್ತು ಅಂತ ನನ್ನ ಗುಮಾನಿ. ವಿಶೇಷ ಸಂಚಿಕೆ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಕಂಪ್ಯೂಟರ್ ಕೈಕೊಟ್ಟು ನಲವತ್ತು ಪುಟ ಮಾಯ. ಉಳಿದವರು ಮೂವರೇ, ಅವರಿಬ್ಬರು ಮತ್ತು ನಾನು. ಇಡೀ ರಾತ್ರಿ ಒಂದೇ ಮೇಜಿಗೆ ಮೊಣಕೈ ತಾಗಿಸಿಕೊಂಡು ಕೂತರು. ಮಾತೆಲ್ಲ ನನ್ನ ಮೂಲಕ. “ಅವರಿಗೆ ಹೇಳಿ, ಎಂಟನೇ ಪುಟದಲ್ಲಿ ಎರಡು ಸಾಲು ಜಾಸ್ತಿ ಇದೆ ಅಂತ.” “ಅವರಿಗೆ ಹೇಳಿ, ನಂಗೂ ಕಣ್ಣಿದೆ ಅಂತ.” ಬೆಳಗಿನ ಐದಕ್ಕೆ ಪುಟಗಳು ಹೋದವು. ಅಷ್ಟು ಕಡಿಮೆ ತಪ್ಪಿದ್ದ ಸಂಚಿಕೆ ನಾನು ಮತ್ತೆ ನೋಡಿಲ್ಲ. ಇಬ್ಬರೂ ತಮ್ಮ ತಮ್ಮ ಚೀಲ ಎತ್ತಿಕೊಂಡು ಬೇರೆ ಬೇರೆ ಮೆಟ್ಟಿಲಿಂದ ಇಳಿದರು. ಮರುದಿನವೂ ಮಾತಿಲ್ಲ. ಆದರೆ ಅಂದಿನಿಂದ ಪುಟ ಕಟ್ಟುವವರು ಕರಡಿನ ಅಂಚಿನಲ್ಲಿ ತಿದ್ದಲು ಸ್ವಲ್ಪ ಹೆಚ್ಚು ಜಾಗ ಬಿಡತೊಡಗಿದರು. ಯಾರೂ ಕೇಳಿರಲಿಲ್ಲ. ಸಿನಿಮಾದವರು ನನ್ನನ್ನು ಕೇಳಿದರೆ ಈ ಅರ್ಧ ಅಂಗುಲ ತೋರಿಸಿ ಅನ್ನುತ್ತೇನೆ, ತಬ್ಬಿಕೊಳ್ಳುವುದು ಬೇಡ.

ಅನಿಮೇಷನ್ನಿನಲ್ಲಿ ಅದನ್ನು ತೋರಿಸುವುದು ಸುಲಭವಲ್ಲ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿ ನೋಟ, ಸರಿದುಹೋಗುತ್ತವೆ. ಕೈಯಲ್ಲಿ ಬರೆಯುವವರು ಒಂದು ಚಿತ್ರವನ್ನು ಸಾಮಾನ್ಯವಾಗಿ ಎರಡು ಫ್ರೇಮಿಗೆ ನಿಲ್ಲಿಸುತ್ತಾರೆ, ಆದರೂ ಸೆಕೆಂಡಿಗೆ 12 ಚಿತ್ರವಾಯಿತು. ನಟರಾದರೆ ಒಬ್ಬ ತಾನಾಗಿ ಅರ್ಧ ಹೆಜ್ಜೆ ಹಿಂದೆ ಸರಿದಾನು. ಇಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ. ಇಬ್ಬರು ಶತ್ರುಗಳ ನಡುವೆ ಎಷ್ಟು ಅಂತರ ಇರಬೇಕು, ಯಾವ ಗಳಿಗೆಯಲ್ಲಿ ಭುಜ ಸಡಿಲಾಗಬೇಕು ಎಂದು ಯಾರೋ ಕೂತು ಯೋಚಿಸಿ ಗೆರೆ ಎಳೆದಿರುತ್ತಾರೆ. ಕಂಪ್ಯೂಟರಿನಲ್ಲಿ ಮಾಡಿದರೂ ಯೋಚನೆ ಮನುಷ್ಯರದ್ದೇ. ಸಿನಿಮಾ ಮುಗಿದ ಮೇಲೆ ಅವರ ಹೆಸರುಗಳು ಮೇಲೇರುತ್ತವೆ. ಆಗ ನಾವು ಚಪ್ಪಲಿ ಹುಡುಕುತ್ತಿರುತ್ತೇವೆ.

ನನ್ನ ಹಳೆಯ ಹೊಟ್ಟೆಯುರಿ ಇರುವುದೇ ಇಲ್ಲಿ. ಯಾವುದರಲ್ಲಿ ಪ್ರಾಣಿ ಮಾತಾಡುತ್ತದೋ, ಯಾವುದನ್ನು ಬಣ್ಣದಲ್ಲಿ ಬರೆದಿದೆಯೋ ಅದನ್ನೆಲ್ಲ ನಾವು ‘ಮಕ್ಕಳದ್ದು’ ಎಂದು ಪಕ್ಕಕ್ಕೆ ತಳ್ಳುತ್ತೇವೆ. ಪಂಚತಂತ್ರವನ್ನು ಕನ್ನಡಕ್ಕೆ ತಂದ ಹನ್ನೊಂದನೆಯ ಶತಮಾನದ ದುರ್ಗಸಿಂಹ ಮಕ್ಕಳ ಪುಸ್ತಕ ಬರೆಯುತ್ತ ಕೂತವನಲ್ಲ. ಚಾಲುಕ್ಯ ಅರಸನ ಸಂಧಿವಿಗ್ರಹಿ. ಯಾರ ಜೊತೆ ಸಂಧಿ, ಯಾರ ಮೇಲೆ ಯುದ್ಧ ಎಂದು ನೋಡಿಕೊಳ್ಳುವುದೇ ಅವನ ಹುದ್ದೆ! ಅಂಥವನು ಕೈಯಾರೆ ಬರೆದ ಕತೆಗಳನ್ನು ನಾವು ಹದಿನಾರು ಪುಟಕ್ಕೆ ಇಳಿಸಿ, ನರಿಗೆ ಟೋಪಿ ಹಾಕಿಸಿ, ಕೊನೆಯಲ್ಲಿ ದಪ್ಪಕ್ಷರದಲ್ಲಿ ‘ನೀತಿ’ ಎಂದು ಅಚ್ಚು ಹಾಕಿ ಮಾರುತ್ತೇವೆ. ಪ್ರಕಾಶಕರೊಬ್ಬರು ನನಗೆ ಹಿಂದೊಮ್ಮೆ ಹೇಳಿದ್ದರು: ಇಲಿ-ಬೆಕ್ಕಿನ ಕತೆ ಚೆನ್ನಾಗಿದೆ ಸಾರ್, ಆದರೆ ಕೊನೆಗೆ ಇಬ್ಬರೂ ಗೆಳೆಯರಾಗಲಿ, ಪೋಷಕರಿಗೆ ಅದು ಇಷ್ಟ. ನಾನು ಎದ್ದು ಬಂದೆ. ಛತ್ರಿ ಅಲ್ಲೇ ಬಿಟ್ಟು ಬಂದೆ, ಮತ್ತೆ ತರಲು ಹೋಗಲಿಲ್ಲ.

ನೀವು ಮೇಷ್ಟ್ರು. ನಲವತ್ತು ವರ್ಷ ಮಕ್ಕಳ ಪ್ರಶ್ನೆ ಕೇಳಿದವರು. ಮೊಮ್ಮಗಳು ಅಂಥ ಪ್ರಶ್ನೆ ಕೇಳಿದಾಗ ಸಿಟ್ಟಾದದ್ದು ನನಗೆ ಸ್ವಲ್ಪ ಬೇಜಾರು. ಸಿನಿಮಾದವರು ಕೊಟ್ಟ ಉತ್ತರಕ್ಕಿಂತ ಅವಳ ಪ್ರಶ್ನೆ ಚೆನ್ನಾಗಿತ್ತು. ಆ ಪ್ರಶ್ನೆ ಹುಟ್ಟಿಸಿದ ಪುಣ್ಯವನ್ನಾದರೂ ಆ ಗೊಂಬೆ ಸಿನಿಮಾಕ್ಕೆ ಕೊಡಿ. ಇವತ್ತು ರಾತ್ರಿ ಅವಳಿಗೆ ಪಲಿತನ ಕತೆ ಹೇಳಿ. ಬೇಟೆಗಾರ ಬರುತ್ತಿದ್ದಾನೆ, ಒಂದೇ ಒಂದು ಎಳೆ ಉಳಿದಿದೆ, ಅಲ್ಲಿಗೆ ನಿಲ್ಲಿಸಿ. ನೀನಾಗಿದ್ದರೆ ಯಾವಾಗ ಕಡಿಯುತ್ತಿದ್ದೆ ಅಂತ ಕೇಳಿ. ಏನಂದಳು ಅಂತ ನನಗೆ ಬರೆದು ಕಳಿಸಿ.

ಆ ಎರಡು ಪುಟದ ವಿಚಾರ ಬಾಕಿ ಉಳಿಯಿತು. ಮುಂದಿನ ಸಂಚಿಕೆಯಲ್ಲೂ ಎರಡು ಪುಟವೇ. ಎಡಗಡೆಯದರಲ್ಲಿ ನಾನು ಇನ್ನೊಂದು ಅನಿಮೇಷನ್ ಸಿನಿಮಾ ಬಗ್ಗೆ ಬರೆಯುತ್ತೇನೆ. ಬಲಗಡೆಯದು ನಿಮಗೆ ಖಾಲಿ ಬಿಟ್ಟಿದ್ದೇನೆ. ಬೈದು ಬರೀರಿ. ಇಪ್ಪತ್ತನೇ ತಾರೀಖಿನ ಒಳಗೆ ಕೈಸೇರಬೇಕು, ಪುಟ ಕಟ್ಟುವವರು ಕಾಯುವುದಿಲ್ಲ.