ಡಲ್ಲಾಸ್‌ನಲ್ಲಿ ವಿಮಾನ ಕಲಿಯಬೇಕು ಅಂತಿರುವ ಚಿಂತಾಮಣಿಯವರಿಗೆ

ಚಿಂತಾಮಣಿಯಿಂದ ಡಲ್ಲಾಸ್‌ಗೆ ಬಂದು ಮೂರು ತಿಂಗಳಾಯ್ತು, ಎಚ್-1ಬಿ ವೀಸಾ, ಶನಿವಾರ ಭಾನುವಾರ ಬಿಡುವು ಅಂದಿದ್ದೀರಿ. ಸಣ್ಣ ವಿಮಾನ ಹಾರಿಸೋದು ಕಲಿಯಬಹುದಾ, ಎಷ್ಟು ಖರ್ಚು, ಮುಂದೆ ಊರಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ನಂದಿಬೆಟ್ಟ ಸುತ್ತಿಸಬಹುದಾ ಅನ್ನೋದು ಪ್ರಶ್ನೆ. ಕಲಿಯಬಹುದು. ಹದಿನಾರರಿಂದ ಹದಿನೆಂಟು ಸಾವಿರ ಡಾಲರ್ ಕೈಯಲ್ಲಿಟ್ಟುಕೊಂಡೇ ಶುರು ಮಾಡಿ. ಅರ್ಧ ದುಡ್ಡಿಗೆ ಇಳಿದವರಿಗೇ ಕೊನೆಗೆ ಹೆಚ್ಚು ಖರ್ಚಾಗೋದು.

ಮೊದಲು ಕಾಗದಪತ್ರ. ಎಚ್-1ಬಿಯಲ್ಲಿ ಕೆಲಸದ ಆಚೆ ಹವ್ಯಾಸಕ್ಕೆ ಕಲಿಯೋದಕ್ಕೆ ಅಡ್ಡಿಯಿಲ್ಲ. ಅದರಿಂದ ಸಂಪಾದನೆ ಮಾಡೋ ಹಾಗಿಲ್ಲ, ಅಷ್ಟೇ. ಆದರೆ ಅಮೆರಿಕದ ಪ್ರಜೆ ಅಲ್ಲದವರು, ಗ್ರೀನ್ ಕಾರ್ಡ್ ಇದ್ದರೂ ಸರಿ, ಪಾಠ ಶುರುವಾಗೋ ಮುಂಚೆ ಟಿಎಸ್‌ಎಗೆ (ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ) ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು ಒಪ್ಪಿಗೆ ಪಡೀಬೇಕು. ಶುಲ್ಕ ಸುಮಾರು 140 ಡಾಲರ್. 2024ರಲ್ಲಿ ಬದಲಾದ ನಿಯಮದಂತೆ ಒಪ್ಪಿಗೆ ಐದು ವರ್ಷದವರೆಗೆ ನಡೆಯುತ್ತೆ. ವೀಸಾ ಅವಧಿ ಮೊದಲೇ ಮುಗಿದರೆ ಅಲ್ಲಿವರೆಗೆ ಮಾತ್ರ. 'ಡಿಸ್ಕವರಿ ಫ್ಲೈಟ್' ಅನ್ನೋ ಒಂದು ಸುತ್ತಿನ ಹಾರಾಟಕ್ಕೆ ಇದ್ಯಾವುದೂ ಬೇಡ. ಅದನ್ನೇ ಮೊದಲು ಮಾಡಿ, ಹೊಟ್ಟೆ ತೊಳಸುತ್ತೋ ಇಲ್ಲವೋ ಗೊತ್ತಾಗಲಿ.

ನಮ್ಮ ಕಡೆಯವರು ಎಡವೋದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸೇರಿ ಒಂದು ಥರ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ಥರ, ಆಫೀಸಿನಲ್ಲಿ ಬರೀ ಇನಿಷಿಯಲ್. ಟಿಎಸ್‌ಎ ಅರ್ಜಿ, ಮೆಡಿಕಲ್, ಸ್ಟೂಡೆಂಟ್ ಪೈಲಟ್ ಸರ್ಟಿಫಿಕೇಟ್, ಲಿಖಿತ ಪರೀಕ್ಷೆ, ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರೋ ಹಾಗೇ ಹಾಕಿ.

ದುಡ್ಡು ಕಟ್ಟೋ ಮುಂಚೆ ಥರ್ಡ್ ಕ್ಲಾಸ್ ಮೆಡಿಕಲ್, ಅಂದರೆ ಹವ್ಯಾಸಕ್ಕೆ ಹಾರಿಸುವವರ ಆರೋಗ್ಯ ತಪಾಸಣೆ, ಮುಗಿಸಿ. ಹಿಂದೆ ಕಿಡ್ನಿ ಸ್ಟೋನ್ ಆಗಿದ್ದರೆ, ಬಿಪಿ ಮಾತ್ರೆ ಇದ್ದರೆ, ಖಿನ್ನತೆಗೆ ಔಷಧಿ ತಗೊಂಡಿದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ. ಊರಿನ ಡಾಕ್ಟರ ಹತ್ತಿರ ಇರೋ ಸ್ಕ್ಯಾನಿಂಗ್ ರಿಪೋರ್ಟನ್ನೆಲ್ಲ ಈಗಲೇ ತರಿಸಿಕೊಳ್ಳಿ. ಕಾಗದ ಇದ್ದರೆ ಎಷ್ಟೋ ತಕರಾರು ಅಲ್ಲೇ ಮುಗಿಯುತ್ತೆ. ಇನ್ನೊಂದು: ನೆಗಡಿ ಬಂತು ಅಂತ ಊರಿಂದ ತಂದ ಸೆಟ್ರಿಜಿನ್ ನುಂಗಿ ಹಾರೋ ಹಾಗಿಲ್ಲ, ಅದು ನಿದ್ದೆ ತರಿಸೋ ಮಾತ್ರೆಗಳ ಪಟ್ಟಿಯಲ್ಲಿದೆ. ಲೊರಾಟಡಿನ್, ಫೆಕ್ಸೊಫೆನಡಿನ್ ನಡೆಯುತ್ತೆ. ಆದರೂ ಮೂಗು ಕಟ್ಟಿರುವಾಗ ಹಾರಬೇಡಿ, ಇಳಿಯುವಾಗ ಕಿವಿ ಸಿಡಿಯೋ ಹಾಗೆ ನೋಯುತ್ತೆ.

ಈಗ ಗಂಟೆಗಳ ಲೆಕ್ಕ. ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಕಾನೂನಿನಲ್ಲಿ ಕನಿಷ್ಠ 40 ಗಂಟೆ ಹಾರಾಟ: ಅದರಲ್ಲಿ 20 ಇನ್‌ಸ್ಟ್ರಕ್ಟರ್ ಜೊತೆ, 10 ಒಬ್ಬರೇ. ನಿಜದಲ್ಲಿ 60–70 ಹಿಡಿಯುತ್ತೆ. ಕಲಿಯೋಕೆ ಬಳಸೋ ನಾಲ್ಕು ಸೀಟಿನ ಸಣ್ಣ ವಿಮಾನ ಸೆಸ್ನಾ 172ರ ಬಾಡಿಗೆ ಪೆಟ್ರೋಲ್ ಸೇರಿ ಗಂಟೆಗೆ 180 ಡಾಲರ್ ಆಸುಪಾಸು, ಇನ್‌ಸ್ಟ್ರಕ್ಟರ್‌ಗೆ 60–80. ವಾರಕ್ಕೆ ಎರಡು ಪಾಠ ತಪ್ಪದೆ ನಡೆದರೆ ಕೈ ಹಿಡಿಯುತ್ತೆ. ಮೂರು ವಾರ ಬಿಟ್ಟು ಬಂದರೆ ಮೊದಲ ಪಾಠವಿಡೀ ಮರೆತದ್ದನ್ನು ನೆನಪಿಸಿಕೊಳ್ಳೋದರಲ್ಲೇ ಹೋಗುತ್ತೆ, ಬಿಲ್ ಮಾತ್ರ ಪೂರ್ತಿ. ದುಡ್ಡು ಪೂರ್ತಿ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಬೇಸಿಗೆಯಲ್ಲಿ ಬೆಳಗ್ಗೆ ಏಳರ ಸ್ಲಾಟ್ ಹಿಡೀರಿ. ಹನ್ನೊಂದಾದ ಮೇಲೆ ಟೆಕ್ಸಾಸಿನ ಕಾದ ಗಾಳಿ ಕುಲುಕೋ ಕುಲುಕಿಗೆ ಏನೂ ಕಲಿಯೋಕಾಗಲ್ಲ. ಲಿಖಿತ ಪರೀಕ್ಷೆ 60 ಪ್ರಶ್ನೆ, ಪಾಸಿಗೆ 70 ಪರ್ಸೆಂಟ್, ಫೀಸು 175 ಡಾಲರ್. ಅದನ್ನು ಸೋಲೋಗೆ (ಮೊದಲ ಸಲ ಒಬ್ಬರೇ ಹಾರೋದಕ್ಕೆ) ಮುಂಚೆಯೇ ಮುಗಿಸಿ. ಕೊನೆಯ ಚೆಕ್‌ರೈಡ್‌ಗೆ (ಹಾರಿಸಿ ತೋರಿಸೋ ಪರೀಕ್ಷೆಗೆ) ಎಕ್ಸಾಮಿನರ್ ಸುಲಭಕ್ಕೆ ಸಿಗಲ್ಲ, ಸಾವಿರ ಡಾಲರ್ ಹತ್ತಿರ ತಗೋತಾರೆ. ಒಂಟಿಯಾಗಿ 150 ನಾಟಿಕಲ್ ಮೈಲಿ ಹೋಗಿಬರೋ ಹಂತಕ್ಕೆ ಬಂದಾಗಲೇ ದಿನ ಕೇಳಿಡಿ.

ಹಾರೋ ಮುಂಚೆ ಪೆಟ್ರೋಲ್ ನೋಡೋದನ್ನು ಗಡಿಬಿಡಿಯಲ್ಲಿ ಮುಗಿಸಬೇಡಿ. 172ರ 'ಎಸ್' ಮಾದರಿಯಲ್ಲಿ, ಅಂದರೆ 172ಎಸ್‌ನಲ್ಲಿ, ಒಂಚೂರು ಪೆಟ್ರೋಲ್ ಹೊರತೆಗೆದು ನೋಡೋಕೆ 13 ಡ್ರೇನ್ ಇವೆ: ರೆಕ್ಕೆಗೆ ಐದೈದು, ಮೂತಿಯ ಕೆಳಗೆ ಮೂರು. ಒಂದೊಂದರಿಂದಲೂ ಪಾರದರ್ಶಕ ಕಪ್‌ಗೆ ಹಿಡಿದು ಬಿಳಿ ಗೋಡೆಗೆ ಎದುರಾಗಿ ನೋಡಿ. 100ಎಲ್‌ಎಲ್, ಅಂದರೆ ಈ ವಿಮಾನದ ಪೆಟ್ರೋಲ್, ತಿಳಿನೀಲಿ ಇರಬೇಕು. ನೀರು ಸೇರಿದ್ದರೆ ತಳದಲ್ಲಿ ಬೇರೆ ಗುಳ್ಳೆಯಾಗಿ ಕೂರುತ್ತೆ. ಮೋಸ ಹೋಗೋದು ಕಪ್‌ ತುಂಬ ನೀರೇ ಬಂದಾಗ: ಗೆರೆಯೇ ಕಾಣಲ್ಲ, ಸ್ವಚ್ಛವಾಗಿದೆ ಅನ್ನಿಸಿಬಿಡುತ್ತೆ. ಬಣ್ಣವನ್ನೂ ನೋಡಬೇಕಾದ್ದು ಅದಕ್ಕೇ.

ಇಳಿಸೋದೇ ಎಲ್ಲರಿಗೂ ಕಷ್ಟ. 172ಎಸ್ ಪೂರ್ತಿ ಫ್ಲ್ಯಾಪ್‌ನಲ್ಲಿ (ನಿಧಾನಕ್ಕೆ ಇಳಿಯೋಕೆ ರೆಕ್ಕೆಯ ಹಿಂದೆ ಕೆಳಗಿಳಿಸೋ ಪಟ್ಟಿ) 61–65 ನಾಟ್ ವೇಗಕ್ಕೆ ಬರಬೇಕು. ಎಪ್ಪತ್ತರ ಮೇಲಿದ್ದರೆ ರನ್‌ವೇ ಮೇಲೆ ತೇಲಿಕೊಂಡೇ ಹೋಗುತ್ತೆ. ಕಲಿಯುವವರು ತಾಳ್ಮೆಗೆಟ್ಟು ಮೂತಿ ಒತ್ತುತ್ತಾರೆ, ಮುಂದಿನ ಚಕ್ರ ಮೊದಲು ಬಡಿದು ಪುಟಿಯುತ್ತೆ, ಮತ್ತೆ ಒತ್ತಿದರೆ ಇನ್ನೂ ಜೋರಾಗಿ ಪುಟಿಯುತ್ತೆ. ಮೊದಲ ಪುಟಿತಕ್ಕೇ ಪೂರ್ತಿ ಥ್ರಾಟಲ್ ಕೊಟ್ಟು ಮೇಲೇಳಿ, ಫ್ಲ್ಯಾಪ್ 20 ಡಿಗ್ರಿಗೆ ತನ್ನಿ. ಕಣ್ಣು ಮೂತಿಯ ಮುಂದಲ್ಲ, ರನ್‌ವೇಯ ಆ ತುದಿಯಲ್ಲಿರಲಿ.

ರೇಡಿಯೋದಲ್ಲಿ ಉಚ್ಚಾರಣೆ ಅಡ್ಡ ಬರಲ್ಲ, ನಮ್ಮ ಮಾತಿನ ವೇಗ ಬರುತ್ತೆ. ನಿಧಾನಕ್ಕೆ, 'ಸ್ಟೂಡೆಂಟ್ ಪೈಲಟ್' ಅಂತ ಸೇರಿಸಿ ಹೇಳಿ. ಕಂಟ್ರೋಲರ್ 'ಹೋಲ್ಡ್ ಶಾರ್ಟ್' (ರನ್‌ವೇಗೆ ಹೋಗದೆ ಮುಂಚೆಯೇ ನಿಲ್ಲಿ) ಅಂತ ಹೇಳಿದರೆ ಬರೀ 'ರಾಜರ್' (ಕೇಳಿಸಿತು) ಸಾಲದು, ರನ್‌ವೇ ನಂಬರ್ ಸಮೇತ ತಿರುಗಿ ಹೇಳಬೇಕು. ಹಾಗೇ ನಿಮ್ಮ ಲೈಫ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ಖಾಸಗಿ ವಿಮಾನ ಹಾರಿಸುವವರಿಗೆ ಪರಿಹಾರ ಕೊಡಲ್ಲ ಅನ್ನೋ ಷರತ್ತು ಇದೆಯಾ ನೋಡಿ.

ಇನ್ನು ನಂದಿಬೆಟ್ಟ. ಇಲ್ಲಿನ ಲೈಸೆನ್ಸ್ ಊರಿನಲ್ಲಿ ನೇರವಾಗಿ ನಡೆಯಲ್ಲ. ಭಾರತದಲ್ಲಿ ನೋಂದಣಿಯಾದ ವಿಮಾನಕ್ಕೆ ಡಿಜಿಸಿಎಯಿಂದ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ಲೈಸೆನ್ಸ್ ಪರಿವರ್ತನೆ ಮಾಡಿಸಬೇಕು. ಆಮೇಲೂ ದೇವನಹಳ್ಳಿ ವಿಮಾನ ನಿಲ್ದಾಣ ಪಕ್ಕದಲ್ಲೇ ಇರೋದರಿಂದ ಕಂಟ್ರೋಲರ್ ಅನುಮತಿ ಇಲ್ಲದೆ ಆ ಕಡೆ ತಿರುಗಾಡೋ ಹಾಗಿಲ್ಲ. ಜೊತೆಗೆ ಚಿಕ್ಕಬಳ್ಳಾಪುರದ ಕಡೆ ನೆಲವೇ ಮೂರು ಸಾವಿರ ಅಡಿ. ಏಪ್ರಿಲ್‌ನ 35 ಡಿಗ್ರಿಯಲ್ಲಿ ಗಾಳಿ ಇನ್ನೂ ತೆಳುವಾಗೋದರಿಂದ ಎಂಜಿನ್‌ಗೆ ಅದು ಆರು ಸಾವಿರ ಅಡಿ ಇದ್ದ ಹಾಗೆ. ಬೆಟ್ಟದ ತುದಿ ಸುಮಾರು 4,850 ಅಡಿ. ತುಂಬಿದ 172 ಅಲ್ಲಿ ತೆವಳಿಕೊಂಡೇ ಏರಬೇಕು.

ಅಪ್ಪ ಅಮ್ಮ ಡಲ್ಲಾಸ್‌ಗೆ ಬಂದಾಗ ಇಲ್ಲೇ ಸುತ್ತಿಸಿ, ಪ್ರಯಾಣಿಕರಿಗೆ ಟಿಎಸ್‌ಎ ಒಪ್ಪಿಗೆ ಬೇಡ. ಹಿಂದಿನ 90 ದಿನದಲ್ಲಿ ನೀವು ಮೂರು ಸಲ ಏರಿ ಇಳಿದಿರಬೇಕು. ನಾಲ್ಕು ಸೀಟಿದೆ ಅಂತ ನಾಲ್ವರನ್ನು ತುಂಬಬೇಡಿ: ಟ್ಯಾಂಕ್ ಭರ್ತಿಯಿದ್ದರೆ ಉಳಿಯೋದು ಸುಮಾರು 250 ಕಿಲೋ, ನೀವು ಮೂವರು ಮತ್ತು ಒಂದು ಬ್ಯಾಗಿಗೆ ಸರಿ.